ಮಣ್ಣಿನಲ್ಲಿ ಮಾಡಿದ ತಾಲೂಕು

ಒಂದು ತಾಲೂಕನ್ನು ಮಣ್ಣಿನಲ್ಲಿ ಮಾಡುವುದು ಹೇಗೆಂದು ನನಗೆ ಗೊತ್ತು. ನೆಲವನ್ನು ಗೇಣಾಳ ಅಗೆದು, ನೀರು ಚಿಮುಕಿಸಿ, ದಿಮ್ಮಸೆಯಿಂದ ಬಡಿಯಬೇಕು. ಸುಣ್ಣ ಮೆತ್ತಿದ ಹುರಿಯನ್ನು ಬಿಗಿಯಾಗಿ ಎಳೆದು ಚಿಮ್ಮಿಸಿ ಚೌಕಗಳನ್ನು ಹೊಡೆಯಬೇಕು. ಕಾಗದದ ನಕ್ಷೆಯಲ್ಲಿ ಒಂದು ಅಂಗುಲದ ಚೌಕ, ನೆಲದ ಮೇಲೆ ಒಂದು ಅಡಿಯ ಚೌಕ. ಎರಡೂ ಒಂದೇ ಮೈಲಿ. ಎತ್ತರವನ್ನು ಮಾತ್ರ ಇದೇ ಅಳತೆಯಲ್ಲಿ ಇಡಬಾರದು. ಇಟ್ಟರೆ ಕುಂದುರ್ಪಿಯ ದುರ್ಗವೂ ಎರಡು ಬೆರಳಿನ ದಿಣ್ಣೆಯಾಗುತ್ತದೆ, ನೋಡಿದವರು ನಗುತ್ತಾರೆ. ನಾನು ಎತ್ತರವನ್ನು ಎಂಟರಷ್ಟು ಹೆಚ್ಚಿಸಿದ್ದೆ. ನಕ್ಷೆಯ ಕೆಲಸದಲ್ಲಿ ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ.

ನಾನು ಹೇಳಿದ ಸುಳ್ಳು ಬೇರೆ. ಅದನ್ನು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ಆಗ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಆಂಧ್ರ ಇನ್ನೂ ಆಗಿರಲಿಲ್ಲ; ನಮ್ಮ ಸೀಮೆಯೆಲ್ಲ ಮದ್ರಾಸಿನ ಕೆಳಗಿತ್ತು. ಕಲ್ಯಾಣದುರ್ಗದ ತಾಲೂಕು ಕಚೇರಿಯಲ್ಲಿ ನಾನು ಹಂಗಾಮಿ ಟ್ರೇಸರು, ಅಂದರೆ ಊರು ಹೊಲಗಳ ನಕ್ಷೆಗಳನ್ನು ತೆಳುಬಟ್ಟೆಯ ಮೇಲೆ ನಕಲು ತೆಗೆಯುವವನು. ಹೆಂಡತಿ ಹಿಂದೂಪುರದಲ್ಲಿ ನನ್ನ ತಾಯಿಯ ಜೊತೆಗಿದ್ದಳು. ಆ ವರ್ಷ ಯುಗಾದಿಗೆ ಮುಂಚೆ ಊರ ಹೊರಗಿನ ಬಯಲಿನಲ್ಲಿ ಒಂದು ವ್ಯವಸಾಯ ಪ್ರದರ್ಶನ ನಡೆಸಬೇಕೆಂದು ತೀರ್ಮಾನವಾಯಿತು. ಅದನ್ನು ನೋಡಲು ಮೇಲಿನಿಂದ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ತಾಲೂಕಿನ ಭೂಗೋಳ, ಚರಿತ್ರೆ, ಜನಸಂಖ್ಯೆ ಮೂರನ್ನೂ ಒಂದೇ ನೋಟಕ್ಕೆ ತೋರಿಸುವಂಥದ್ದು ಏನಾದರೂ ಬೇಕು ಎಂದು ಕಚೇರಿಯ ಸಭೆಯಲ್ಲಿ ಹೇಳಿದರು.

ನಾನು ಎದ್ದು ನಿಂತೆ. ಪ್ರತಿ ಊರಿನಿಂದಲೂ ಒಂದು ಮಂಕರಿ ಮಣ್ಣು ತರಿಸಿ, ಆಯಾ ಊರಿನ ಜಾಗಕ್ಕೆ ಆಯಾ ಊರಿನ ಮಣ್ಣನ್ನೇ ಹಾಕುತ್ತೇನೆ ಎಂದೆ. ಜನವಿರುವ ಪ್ರತಿ ಊರಿಗೂ ಒಂದು ಹಣತೆ. ದೊಡ್ಡ ಊರಿಗೆ ದೊಡ್ಡದು, ಹಟ್ಟಿಗೆ ಚಿಕ್ಕದು. ಮುಸ್ಸಂಜೆ ಎಲ್ಲವನ್ನೂ ಒಟ್ಟಿಗೆ ಹೊತ್ತಿಸಿದರೆ ತಾಲೂಕಿನ ಜನವೆಲ್ಲ ಕಣ್ಣಿಗೆ ಕಾಣುತ್ತಾರೆ ಎಂದೆ.

"ಭಲೇ, ಮಟ್ಟಿ ಮಹಾರಾಜಾ!" ಎಂದು ರೆವಿನ್ಯೂ ಇನ್ಸ್‌ಪೆಕ್ಟರು ಮೇಜು ತಟ್ಟಿದರು. ಅವರು ಕರಾವಳಿಯ ತೆಲುಗಿನವರು. ಬಂದು ಇನ್ನೂ ವರ್ಷವಾಗಿರಲಿಲ್ಲ. ಆವತ್ತಿನಿಂದ ಕಚೇರಿಯಲ್ಲಿ ನನ್ನ ಹೆಸರು ಮಣ್ಣಿನ ಮಹಾರಾಜ ಎಂದೇ ಆಯಿತು. ನನಗೆ ಅದು ಹಿತವಾಗಿಯೇ ಇತ್ತು.

ತಳವಾರರು ಮಣ್ಣು ಹೊತ್ತು ತಂದರು. ಸೆಟ್ಟೂರಿನದು ಕೆಂಪು ಮರಳುಮಣ್ಣು, ಹಗರಿ ಹೊಳೆಯ ಕಡೆಯದು ಎರೆಮಣ್ಣು, ಇನ್ನು ಕೆಲವು ಊರುಗಳದು ಸುಣ್ಣದ ಹರಳು ಬೆರೆತ ಬಿಳಿಮಣ್ಣು. ಮೊದಲ ಸಲ ನಾನು ನೆಲವನ್ನು ಮಟ್ಟಸವಾಗಿ ಮಾಡಿ ಅದರ ಮೇಲೆ ಗುಡ್ಡಗಳನ್ನು ಇಟ್ಟೆ. ಪರೀಕ್ಷೆಗೆಂದು ಹೊಳೆಗೆ ಒಂದು ಕೊಡ ನೀರು ಸುರಿದಾಗ ಹಗರಿ ತಿರುಗಿ ಮೈಸೂರು ಸೀಮೆಗೇ ಹರಿಯಿತು. ತಾಲೂಕು ಉತ್ತರಕ್ಕೆ ಇಳಿಜಾರು ಎಂಬುದನ್ನೇ ಮರೆತಿದ್ದೆ. ಎಲ್ಲವನ್ನೂ ಕಿತ್ತು ದಕ್ಷಿಣದ ಅಂಚನ್ನು ಮೊಣಕೈಯೆತ್ತರ ಏರಿಸಿ ಹೊಸದಾಗಿ ಮಾಡಿದೆ. ಆಮೇಲೆ ಬಿಸಿಲಿಗೆ ಕೆಂಪುಮಣ್ಣು ಬಿರುಕುಬಿಟ್ಟಿತು. ಕಡಲೆಕಾಯಿ ಸಿಪ್ಪೆಯನ್ನು ಕುಟ್ಟಿ, ಕುರಿಹಿಕ್ಕೆ ಕಲಸಿ ಮೆತ್ತಿದೆ, ನಿಂತಿತು. ಪೂರ್ವದ ಕಡೆ ಪೆನ್ನೆ ಹೊಳೆಗೆ ಬರೀ ಮರಳು ಹಾಸಿದೆ.

ಚರಿತ್ರೆಯನ್ನು ಹಲಗೆಗಳ ಮೇಲೆ ಬರೆಯಬೇಕಾಗಿತ್ತು. ಒಂದೊಂದು ಊರಿನವರೂ ತಮ್ಮ ಕೋಟೆಯ ಪಾಳೆಯಗಾರನೇ ಶೂರ, ಪಕ್ಕದವನು ಕುರಿ ಕದ್ದವನು ಎಂದು ಹೇಳಿದರು. ನಾನು ಎಲ್ಲರನ್ನೂ ಶೂರರೆಂದೇ ಬರೆದೆ. ಅದಕ್ಕೂ ಯಾರೂ ಆಕ್ಷೇಪಿಸಲಿಲ್ಲ.

ಹಣತೆಗಳಿಗೆ ಹರಳೆಣ್ಣೆ ಕೊಡಲು ಒಪ್ಪಿದವರು ಕಡಲೆಕಾಯಿ ವ್ಯಾಪಾರದ ಸಾಹುಕಾರರು. ಹಣೆ ತುಂಬ ವಿಭೂತಿ, ಮೆತ್ತನೆಯ ಮಾತು. ಹಿಂದೂಪುರದಲ್ಲೂ ಅವರಿಗೆ ಅಂಗಡಿಯಿತ್ತು. ಒಂದು ಮಧ್ಯಾಹ್ನ ಬಂದು ಕೊಡೆಯ ತುದಿಯಿಂದ ನನ್ನ ಪೆನ್ನೆಯನ್ನು ಕೆದಕಿದರು.

"ಏನಯ್ಯಾ, ನಿನ್ ಹೊಳೇಲೂ ನೀರಿಲ್ವಲ್ಲೋ!"

"ನಿಜವಾದ ಹೊಳೆಗೆ ಬಂದಾಗ ಇದಕ್ಕೂ ಬಿಡ್ತೀನಿ ಸ್ವಾಮಿ," ಎಂದೆ.

ಅವರು ನಕ್ಕರು. ಕೊಡೆಯ ತುದಿ ನೈರುತ್ಯಕ್ಕೆ ಹೋಯಿತು. ಅಲ್ಲಿ ಕುಂದುರ್ಪಿಯಿಂದ ಆಚೆ, ಮೈಸೂರು ಗಡಿಗೆ ತಾಗಿದಂತೆ ಒಂದು ಗುಡ್ಡ. ಅದರ ಬುಡದಲ್ಲಿ ನಾನು ಒಂದು ಚಿಕ್ಕ ಕಡ್ಡಿ ನೆಟ್ಟಿದ್ದೆ. ಹಣತೆ ಇಡಬೇಕಾದ ಗುರುತು.

"ಇದ್ಯಾವುದು?"

ಕಂಬಳಿ ನೇಯುವ ಕುರಿಯವರ ಹಟ್ಟಿ ಎಂದೆ.

"ಅಲ್ಲಿ ಯಾರವ್ರೆ? ಕುರಿ ಜೊತೇಲಿ ಅವ್ರೂ ಕುರಿ ಕಣಯ್ಯಾ. ಮಳೆಗಾಲ ಇಲ್ಲಿ, ಬ್ಯಾಸಿಗೆ ಅಲ್ಲಿ. ಸುಮ್ನೆ ನನ್ನೆಣ್ಣೆ ದಂಡ." ಆಮೇಲೆ ಅದೇ ದನಿಯಲ್ಲಿ, "ಹಿಂದೂಪುರದ ಆಪೀಸ್ನಾಗೆ ನಿನ್ ಕೆಲಸದ್ದೇ ಒಂದು ಕಾಯಂ ಜಾಗ ಖಾಲಿ ಐತಂತಲ್ಲ. ದೊಡ್ಡೋರು ಬತ್ತಾರಲ್ಲ, ಒಂದ್ ಮಾತು ಹಾಕ್ತೀನಿ ಬಿಡು," ಎಂದರು.

ಜನ ಬಿಟ್ಟುಹೋದ ಊರಿಗೆ ಕಚೇರಿಯ ಮಾತಿನಲ್ಲಿ ಬೇಚರಾಕ್ ಎನ್ನುತ್ತಾರೆ. ಬೇಚರಾಕ್ ಎಂದು ತೀರ್ಮಾನವಾದರೆ ಆ ಊರಿನ ಗೋಮಾಳವನ್ನು ಯಾರಿಗಾದರೂ ಗುತ್ತಿಗೆಗೆ ಕೊಡಬಹುದು. ಆ ಹಟ್ಟಿಯ ಗೋಮಾಳ ಗುಡ್ಡವನ್ನು ಸುತ್ತಿಕೊಂಡು ಹಬ್ಬಿತ್ತು. ಅದಿಲ್ಲದಿದ್ದರೆ ಅವರ ಕುರಿಗಳಿಲ್ಲ, ಕುರಿಗಳಿಲ್ಲದಿದ್ದರೆ ಹಟ್ಟಿಯಿಲ್ಲ. ಹಿಂದಿನ ಜನಗಣತಿಯಲ್ಲಿ ಅವರನ್ನು ಪಕ್ಕದ ಊರಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರಿಂದ ಹಟ್ಟಿಯಲ್ಲಿ ಜನ ಇದ್ದಾರೋ ಇಲ್ಲವೋ ಎಂಬುದಕ್ಕೆ ಕಾಗದದಲ್ಲಿ ಆಧಾರವಿರಲಿಲ್ಲ. ಸಾಹುಕಾರರು ಅರ್ಜಿ ಕೊಟ್ಟಿದ್ದರು. ಇನ್ಸ್‌ಪೆಕ್ಟರು ಸ್ಥಳಕ್ಕೆ ಹೋಗಿ ನೋಡಬೇಕಾಗಿತ್ತು. ನಕ್ಷೆಗೂ ಆಯಿತು ಎಂದು ನನ್ನನ್ನು ಜೊತೆಗೆ ಕರೆದರು. ಯಾವತ್ತು ಹೋದರೆ ಅನುಕೂಲ ಎಂದು ಹೇಳಿಕಳಿಸಿದವರು ಸಾಹುಕಾರರು.

ಮಾಘದ ಹುಣ್ಣಿಮೆಯ ದಿನ.

ಕುಂದುರ್ಪಿಯವರೆಗೆ ಬಸ್ಸು, ಅಲ್ಲಿಂದ ಬಾಡಿಗೆ ಸೈಕಲ್ಲು. ಗುಡ್ಡದ ಬುಡ ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹಟ್ಟಿಯ ಬಾಯಿಯಲ್ಲಿ ಮೊಳದೆತ್ತರದ ಊರುಗಲ್ಲು. ಅದನ್ನು ದಾಟುವ ಮೊದಲೇ ನನಗೆ ಎಲ್ಲ ಗೊತ್ತಾಯಿತು. ನಾಯಿ ಬೊಗಳಲಿಲ್ಲ. ಕೋಳಿ ಇರಲಿಲ್ಲ. ಬಾಗಿಲುಗಳೆಲ್ಲ ತೆರೆದಿದ್ದವು, ಪ್ರತಿ ಹೊಸ್ತಿಲಿನ ಮೇಲೂ ಅಡ್ಡಲಾಗಿ ಒಂದೊಂದು ಒನಕೆ.

ಅದು ಹೊರಬೀಡು. ವರ್ಷಕ್ಕೊಮ್ಮೆ ಊರಿಗೆ ಊರೇ ಬೆಳಗಿನ ಜಾವ ಒಲೆಗೆ ನೀರು ಹೊಯ್ದು, ದೀಪ ಆರಿಸಿ, ಕೂಸು ಕುರಿ ಕೋಳಿ ಸಮೇತ ಹೊರಟುಹೋಗುತ್ತದೆ. ದಿನವೆಲ್ಲ ತೋಪಿನಲ್ಲಿ ಇದ್ದು, ಚಂದ್ರ ಮೂಡಿದ ಮೇಲೆ ತಿರುಗಿ ಬಂದು, ಒಂದು ಮನೆಯಲ್ಲಿ ಹೊಸ ಬೆಂಕಿ ಹುಟ್ಟಿಸಿ, ಅದರಿಂದ ಎಲ್ಲ ಮನೆಯ ಒಲೆ ಹೊತ್ತಿಸಿಕೊಳ್ಳುತ್ತಾರೆ. ಊರಿನ ಕೆಡುಕೆಲ್ಲ ಆ ಒಂದು ಹಗಲು ಯಾರೂ ಇಲ್ಲವೆಂದು ನೋಡಿ ಹೊರಟುಹೋಗುತ್ತದೆಂದು ನಂಬಿಕೆ. ನನ್ನ ತಾಯಿಯ ತವರಿನಲ್ಲೂ ಇದಿತ್ತು. ನಾನು ಅಜ್ಜಿಯ ಸೊಂಟದ ಮೇಲೆ ಕೂತು ಹೊರಬೀಡಿಗೆ ಹೋದವನು.

ಬಿಟ್ಟ ಊರೊಳಕ್ಕೆ ಆ ಹಗಲು ಯಾರೂ ಕಾಲಿಡಬಾರದು. ಇಡಲೇಬೇಕಾಗಿ ಬಂದರೆ ತಂಗಡಿ ಗಿಡದ ಒಂದು ಕುಡಿ ಮುರಿದು ಊರುಗಲ್ಲಿನ ಮೇಲಿಟ್ಟು, ಅದರ ಮೇಲೊಂದು ಬೆಣಚುಕಲ್ಲು ಹೇರಿ ಹೋಗಬೇಕು. ತಿಳಿದೇ ಬಂದಿದ್ದೇನೆ, ಕೆಡಿಸಲು ಬಂದಿಲ್ಲ ಎಂದು ಅದರ ಅರ್ಥ. ಅಜ್ಜಿ ಕಲಿಸಿದ್ದು. ಇನ್ಸ್‌ಪೆಕ್ಟರು ಸೈಕಲ್ಲು ಒರಗಿಸುತ್ತಿದ್ದಾಗ ನನ್ನ ಕೈ ತಾನಾಗಿಯೇ ತಂಗಡಿ ಮುರಿಯಿತು, ಊರುಗಲ್ಲಿನ ಮೇಲಿಟ್ಟು ಬೆಣಚುಕಲ್ಲು ಹೇರಿತು.

ಅವರು ಮೊದಲ ಮನೆಯ ಒನಕೆಯನ್ನು ದಾಟಿ ಒಲೆಯ ಹತ್ತಿರ ಕುಳಿತು ಬೂದಿಯಲ್ಲಿ ಕೈಯಿಟ್ಟರು. "ತಣ್ಣಗಿದೆ. ನೀನೂ ಚೂಡು," ಎಂದರು. ನಾನೂ ಮುಟ್ಟಿದೆ. ತಣ್ಣಗಿತ್ತು, ಒದ್ದೆಯಾಗಿಯೂ ಇತ್ತು. ಎರಡನೆಯ ಮನೆ, ಮೂರನೆಯ ಮನೆ. ಪಾತ್ರೆಗಳಿಲ್ಲ, ಹಾಸಿಗೆಯಿಲ್ಲ, ಎಲ್ಲವನ್ನೂ ತೋಪಿಗೆ ಹೊತ್ತೊಯ್ದಿದ್ದರು.

ಹೊರಗೆ ಬಂದು ಅವರು ಕಾಲಿನ ಬಳಿ ನೋಡಿದರು. "ಸಗಣಿ ಹಸಿಯಾಗಿದೆಯಲ್ಲಯ್ಯಾ?"

"ಪಕ್ಕದೂರಿನ ದನ ಇಲ್ಲಿ ಮೇಯ್ತವೆ ಸಾರ್."

"ಈ ಒನಕೆ ಯಾಕೆ?"

"ನಾಯಿ ನುಗ್ಗದ ಹಾಗೆ ಸಾರ್, ಬಿಟ್ಟು ಹೋಗೋವಾಗ ಇಟ್ಟಿರ್ಬೇಕು."

ಅವರು ನನ್ನ ಮುಖ ನೋಡಿದರು. ಆ ನೋಟ ನನಗೆ ಇನ್ನೂ ನೆನಪಿದೆ, ಅದರಲ್ಲಿ ಅನುಮಾನವಿರಲಿಲ್ಲ. "ನೀನು ಈ ಸೀಮೆಯವನು, ನಾನು ಹೊರಗಿನವನು. ತಪ್ಪಾಗಬಾರದು ನೋಡು. ಜನ ಎಲ್ಲಿ ಹೋದರು?"

ಒಂದು ಕೂಗಿನ ದೂರದಲ್ಲಿ, ಗುಡ್ಡದ ಆ ಮಗ್ಗುಲಿನ ಹೊಂಗೆಯ ತೋಪಿನಲ್ಲಿ ಅವರೆಲ್ಲ ಕುಳಿತಿದ್ದಾರೆಂದು ನನಗೆ ಗೊತ್ತಿತ್ತು. ಗಾಳಿ ತಿರುಗಿದ್ದರೆ ಕುರಿಗಳ ದನಿಯೂ ಕೇಳುತ್ತಿತ್ತೇನೋ. ಹಿಂದೂಪುರದ ಜಾಗ ಕಣ್ಣ ಮುಂದೆ ಬಂತು. ಅದಕ್ಕಿಂತ ನಾಚಿಕೆಯ ಮಾತೆಂದರೆ, ಸಾಹುಕಾರರು ಮುನಿದು ಎಣ್ಣೆ ನಿಲ್ಲಿಸಿದರೆ ನನ್ನ ನಕ್ಷೆಯ ಗತಿಯೇನು ಎಂಬುದೂ ಬಂತು.

"ಕುರಿ ಹೊಡ್ಕೊಂಡು ಮೈಸೂರು ಸೀಮೆಗೆ ಹೋಗ್ಬಿಟ್ಟವ್ರೆ ಸಾರ್. ಬರೋ ಹಾಗೆ ಕಾಣಲ್ಲ," ಎಂದೆ.

ಅವರು ಮಹಜರು ಬರೆದರು. ನಾನು ಸಾಕ್ಷಿ ಹಾಕಿದೆ. ಆ ಮನುಷ್ಯ ಪ್ರಾಮಾಣಿಕ. ನಿಜ ಹೇಳಿದ್ದರೆ ಅದನ್ನೇ ಬರೆಯುತ್ತಿದ್ದರು. ಈ ತಪ್ಪನ್ನು ಹಂಚಿಕೊಳ್ಳಲು ನನಗೆ ಒಬ್ಬ ಕೆಟ್ಟ ಅಧಿಕಾರಿಯೂ ಸಿಗಲಿಲ್ಲ.

ಮರುದಿನ ನಕ್ಷೆಯ ಮೇಲಿನ ಆ ಕಡ್ಡಿಯನ್ನು ಕಿತ್ತು, ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿದೆ.

ಮಣ್ಣು ಕಳಿಸಿ ಎಂಬ ಸುದ್ದಿ ಮೊದಲೇ ಎಲ್ಲ ಕಡೆ ಹೋಗಿತ್ತು. ಅದನ್ನು ಯಾರೂ ಹಿಂದಕ್ಕೆ ಕರೆಯಲಿಲ್ಲ. ಕೆಲವು ದಿನಗಳ ಮೇಲೆ ಐವತ್ತು ದಾಟಿದ ಒಬ್ಬ ಹೆಂಗಸು ಕಂಬಳಿ ಹೊದ್ದು, ತಲೆಯ ಮೇಲೆ ಮಂಕರಿ ಹೊತ್ತು ಬಯಲಿಗೆ ಬಂದಳು. ಆ ಹಟ್ಟಿಯ ಹೆಸರು ಹೇಳಿದಳು.

"ನಮ್ಮೂರ್ ಮಣ್ಣು ತಂದಿವ್ನಿ ಕಣಪ್ಪ. ಎಲ್ಲಿ ಹುಯ್ಯಾನ?"

ಮಂಕರಿಯಲ್ಲಿ ಕೈಯಿಟ್ಟೆ. ಹಿಟ್ಟಿನಂತೆ ನುಣ್ಣಗಿತ್ತು. "ಜರಡಿ ಹಿಡಿದಿದ್ದೀಯಲ್ಲಮ್ಮ, ಯಾಕೆ?"

"ದೊಡ್ಡೋರು ನೋಡೋ ಮಣ್ಣು ಅಂದ್ರಲ್ಲ. ಕಲ್ಲು ಮುಳ್ಳು ಇದ್ರೆ ನಮ್ಮೂರ್ಗೆ ಬಂದೋರು ಏನಂದಾರು?" ಎಂದು ನಕ್ಕಳು. ಆಮೇಲೆ ನಕ್ಷೆಯ ಸುತ್ತ ಒಂದು ಸುತ್ತು ನಡೆದು, ಬೆರಗಾಗಿ, "ಅಲ್ಲಾ, ಈ ಗುಡ್ಡ ನಮ್ದಲ್ವಾ? ಅಯ್ಯೋ, ಬೆನ್ನಿನ ಗೂನು ಸೈತ ಐತಲ್ಲೋ!" ಎಂದಳು. ಗುಡ್ಡದ ಬುಡದ ನುಣ್ಣನೆಯ ಜಾಗವನ್ನು ಬೆರಳಿನಿಂದ ತೋರಿಸಿ, "ಇಲ್ಲಿ ನಾವಿರೋದು. ದೀಪ ಇಲ್ಲೇ ಮಡಗ್ತೀಯ?" ಎಂದು ಕೇಳಿದಳು.

"ಹೂಂ," ಎಂದೆ.

ಅವಳು ಕುಳಿತು ಎಲೆಅಡಿಕೆ ಬಿಚ್ಚಿದಳು. ಹೊರಬೀಡಿನಿಂದ ಬಂದ ಮೇಲೆ ಹೊಸ ಬೆಂಕಿ ಹುಟ್ಟಿಸುವುದು ತನ್ನ ಮನೆಯ ಹಕ್ಕು ಎಂದಳು. "ಈ ಸಲ ನಾವಿಲ್ದಾಗ ಯಾರೋ ಊರೊಳಕ್ಕೆ ಬಂದಿದ್ರು ಕಣಪ್ಪ. ಹೆಜ್ಜೆ ಇತ್ತು, ಸೈಕಲ್ ಗೀಟು ಇತ್ತು. ಗಂಡಸ್ರು ಕಿರುಚಾಡ್ಬುಟ್ರು, ಕೇಡಾಯ್ತು ಅಂತ. ನಾನೇ ಹೋಗಿ ಊರುಗಲ್ಲು ನೋಡ್ದೆ. ತಂಗಡಿ ಮಡಗಿದ್ರು. ಸುಮ್ಕಿರ್ರೋ, ಬಂದಿರೋನು ನಮ್ಮ ಪೈಕಿಯೋನೇ, ಗೊತ್ತಿರೋನೇ, ಅಂದೆ. ಆಮ್ಯಾಕೆ ಎಲ್ಲ ನೆಮ್ಮದಿಯಾಗಿ ಬೆಂಕಿ ತಕ್ಕೊಂಡ್ರು."

ಆಗಲೂ ಹೇಳಬಹುದಾಗಿತ್ತು. ಕಚೇರಿ ಹತ್ತಿರದಲ್ಲೇ ಇತ್ತು, ಇನ್ಸ್‌ಪೆಕ್ಟರು ಒಳಗೇ ಇದ್ದರು. ಅವಳು ಎದ್ದು, "ದೀಪ ಹಚ್ಚೋ ದಿನ ಬತ್ತೀನಿ," ಎಂದು ಹೋದಳು. ಅವಳ ಮಣ್ಣಿಗೆ ನೀರು ಕಲಸಿ ಕಂಬದೂರಿನ ಕಡೆಯ ಬಿರುಕುಗಳಿಗೆ ಮೆತ್ತಿದೆ. ಅಷ್ಟು ನುಣುಪಾದ ಮಣ್ಣು ಬೇರೆ ಯಾವ ಊರಿನಿಂದಲೂ ಬಂದಿರಲಿಲ್ಲ.

ಪ್ರದರ್ಶನದ ಸಂಜೆ ದೊಡ್ಡ ಅಧಿಕಾರಿ ಬಂದರು. ಹಲಗೆಗಳ ಮೇಲಿನ ಚರಿತ್ರೆಯನ್ನು ನಿಂತು ಓದಿದರು. ಬೆಳಕು ಇಳಿಯುತ್ತಿದ್ದಂತೆ ಅವರು ಕಲ್ಯಾಣದುರ್ಗದ ದೀಪ ಹೊತ್ತಿಸಿದರು. ಮಿಕ್ಕವನ್ನು ನಾನೂ ತಳವಾರರೂ ಹೊತ್ತಿಸಿದೆವು. ಸೆಟ್ಟೂರು, ಕಂಬದೂರು, ಕುಂದುರ್ಪಿ, ಅವುಗಳ ಸುತ್ತಲಿನ ಹಳ್ಳಿಗಳು. ನೆಲದ ಮೇಲೆ ತಾಲೂಕು ಮಿನುಗಿತು. ಸುತ್ತ ನಿಂತ ಜನ ತಮ್ಮ ತಮ್ಮ ಊರು ಹುಡುಕಿ ಕೂಗಿಕೊಂಡರು. ಆ ಗಳಿಗೆ ನಾನು ಹೆಮ್ಮೆಪಟ್ಟೆ, ಅದನ್ನೂ ಮುಚ್ಚಿಡುವುದಿಲ್ಲ.

ಆಗ ಅವಳು ನಕ್ಷೆಯ ಸುತ್ತ ಕಟ್ಟಿದ್ದ ಹಗ್ಗ ದಾಟಿ ಒಳಕ್ಕೆ ಬಂದಳು. ಗುಡ್ಡದ ಬುಡದ ಕತ್ತಲನ್ನು ನೋಡಿ, ನನ್ನನ್ನು ನೋಡಿ, "ಮರ್ತ್‌ಬುಟ್ಟೆ ಕಣಪ್ಪ, ನಮ್ದೊಂದು," ಎಂದಳು. ಮಡಿಲಿನಿಂದ ತನ್ನದೇ ಒಂದು ಹಣತೆ ತೆಗೆದು ಇಡಲು ಬಗ್ಗಿದಳು.

ಇನ್ಸ್‌ಪೆಕ್ಟರು ತಡೆದರು. "ಅಮ್ಮಾ, ಅದು ಬೇಚರಾಕ್. ಅಲ್ಲಿ ಜನ ಇಲ್ಲ."

"ಜನ ಇಲ್ವಾ? ಮತ್ತೆ ನಾನ್ಯಾರು?"

ಸುತ್ತ ನಗು ಎದ್ದಿತು. ದೊಡ್ಡ ಅಧಿಕಾರಿ ತಿರುಗಿ ಏನೆಂದು ಕೇಳಿದರು. ಇನ್ಸ್‌ಪೆಕ್ಟರು, ಖುದ್ದಾಗಿ ಹೋಗಿ ನೋಡಿದ್ದೇವೆ, ಒಲೆಗಳೆಲ್ಲ ತಣ್ಣಗಿದ್ದವು ಎಂದು ವಿವರಿಸಿದರು. ಯಾವ ದಿನ ಎಂದು ಅವಳು ಕೇಳಿದಳು. ಅವರು ಹೇಳಿದರು.

"ಮಾಗದ ಉಣ್ಣಿಮೆ ದಿನ ನಮ್ಮಲ್ಲಿ ಯಾರ ಒಲೆ ಬೆಚ್ಗಿರ್ತೈತಪ್ಪಾ? ಹೊರಬೀಡಲ್ವಾ! ಈ ಸೀಮೇಲಿ ಯಾರನ್ನಾದ್ರೂ ಕೇಳು!"

ಅಧಿಕಾರಿಗೆ ಅರ್ಥವಾಗಲಿಲ್ಲ. ಇನ್ಸ್‌ಪೆಕ್ಟರ ಮುಖ ಬಿಳಿಚಿತು. ಅವರು ನನ್ನ ಕಡೆ ತಿರುಗಿ, "ಇವನು ಈ ಸೀಮೆಯವನೇ. ಏಮಯ್ಯಾ, ಹೀಗೊಂದು ಪದ್ಧತಿ ಇದೆಯೇ?" ಎಂದು ಕೇಳಿದರು. ಅವರ ದನಿ ಬೇಡಿಕೊಳ್ಳುವಂತಿತ್ತು. ಇದೆ ಎಂದರೆ ಸಾಕು ಎಂದು ಅವರು ಕಾಯುತ್ತಿದ್ದರು.

ಸಾಹುಕಾರರು ಅಧಿಕಾರಿಯ ಮಗ್ಗುಲಿನಲ್ಲೇ ನಿಂತಿದ್ದರು.

"ನಾನು ಕೇಳಿಲ್ಲ ಸಾರ್," ಎಂದೆ.

ಅವಳು ನನ್ನನ್ನೇ ದಿಟ್ಟಿಸಿದಳು. ಕೆಳಗಿನ ದೀಪಗಳ ಬೆಳಕು ಅವಳ ಮುಖದ ಮೇಲಿತ್ತು, ನನ್ನ ಮುಖದ ಮೇಲೂ ಇದ್ದಿರಬೇಕು. ಕೂಗಾಡಲಿಲ್ಲ. ಮೆಲ್ಲಗೆ ಕೇಳಿದಳು: "ಹಂಗಾದ್ರೆ ತಂಗಡಿ ಮಡಗಿದೋನು ಯಾರಪ್ಪಾ?"

"ಮೇಕೆ ಬಾಯಿಂದ ಉದುರಿರಬೇಕು ಕಣಮ್ಮ," ಎಂದು ಸಾಹುಕಾರರು ನಗಿಸಿದರು.

"ಮೇಕೆ ಕಲ್ಲು ಹೇರ್ತೈತಾ ಸಾವ್ಕಾರ್ರೇ?" ಎಂದಳು. ಉತ್ತರಕ್ಕೆ ಕಾಯದೆ ಹಣತೆಯನ್ನು ಮಡಿಲಿಗೆ ಹಾಕಿಕೊಂಡು ಹಗ್ಗ ದಾಟಿ ಹೊರಟುಹೋದಳು.

ಅಧಿಕಾರಿ, ಇದನ್ನು ಮತ್ತೊಮ್ಮೆ ವಿಚಾರಿಸಿ ಎಂದು ಹೇಳಿ ಹೋದರು. ಆ ಮಾತು ಕಾಗದವಾಗಿ ಮೇಲಿನಿಂದ ಇಳಿಯುವ ಹೊತ್ತಿಗೆ ಇನ್ಸ್‌ಪೆಕ್ಟರಿಗೆ ವರ್ಗವಾಗಿತ್ತು. ಗೋಮಾಳ ಅಷ್ಟರಲ್ಲೇ ಗುತ್ತಿಗೆಗೆ ಹೋಗಿತ್ತು. ಗುಡ್ಡದ ಸುತ್ತ ಕತ್ತಾಳೆ ಬೇಲಿ ಎದ್ದಿತ್ತು. ಮೇವಿಲ್ಲದೆ ಹಟ್ಟಿಯವರು ಕುರಿ ಹೊಡೆದುಕೊಂಡು ಒಬ್ಬೊಬ್ಬರಾಗಿ ಮೈಸೂರು ಸೀಮೆಗೆ ಹೋದರು. ವಿಚಾರಣೆಗೆ ಹೊಸ ಇನ್ಸ್‌ಪೆಕ್ಟರು ಹೋದಾಗ ಅಲ್ಲಿ ನಿಜವಾಗಿಯೂ ಯಾರೂ ಇರಲಿಲ್ಲ. ನಾನು ಸಾಕ್ಷಿ ಹಾಕಿದ್ದು ಸರಿಯಾಗಿದೆ ಎಂದು ಅವರು ಬರೆದರು.

ಮೊದಲ ಮಳೆಗೆ ನಕ್ಷೆ ಕರಗಿತು. ಗುಡ್ಡ, ಹೊಳೆ, ಎರೆ, ಕೆಂಪು ಎಲ್ಲ ಒಂದೇ ಕೆಸರಾಗಿ ಬಯಲಿನ ತಗ್ಗಿಗೆ ಇಳಿಯಿತು. ನನಗೆ ಹಿಂದೂಪುರದ ಜಾಗ ಸಿಕ್ಕಿತು. ಆ ಸಂಬಳದಲ್ಲಿ ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ. ಅನ್ನ ಕಹಿಯಾಗಿತ್ತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಚೆನ್ನಾಗಿಯೇ ಉಂಡೆ.

ಹೋದ ವರ್ಷ ಮಾಘದ ಹುಣ್ಣಿಮೆಯ ದಿನ, ಮಗನಿಗೆ ಹೇಳದೆ, ಕುಂದುರ್ಪಿಯ ಬಸ್ಸು ಹತ್ತಿದೆ. ಅಲ್ಲಿಂದ ನಡೆದೆ. ಗುಡ್ಡದ ಬೆನ್ನಿನ ಗೂನು ಹಾಗೆಯೇ ಇತ್ತು. ನಾನು ಸರಿಯಾಗಿಯೇ ಮಾಡಿದ್ದೆ. ಮನೆಗಳ ಜಾಗದಲ್ಲಿ ಮೊಣಕಾಲೆತ್ತರದ ಗೋಡೆಗಳು, ಒಳಗೆಲ್ಲ ಜಾಲಿ. ಊರುಗಲ್ಲು ಮಾತ್ರ ನೆಟ್ಟಗೆ ನಿಂತಿತ್ತು. ತಂಗಡಿಯ ಕುಡಿ ಮುರಿದು ಅದರ ಮೇಲಿಟ್ಟು, ಒಂದು ಬೆಣಚುಕಲ್ಲು ಹೇರಿದೆ. ಆಮೇಲೆ ಒಳಕ್ಕೆ ಹೋಗದೆ ಅಲ್ಲೇ ಕುಳಿತೆ. ಚಂದ್ರ ಮೂಡುವವರೆಗೂ ಕುಳಿತಿದ್ದೆ. ಹೊಂಗೆಯ ತೋಪಿನ ಕಡೆಯಿಂದ ಯಾರೂ ಬರಲಿಲ್ಲ.